ತಂತಿ ಹೋದರೂ ನಂಬರು ಉಳಿಯಲಿ

ಮನೆಗೆ ಹೆಸರುಗಳು ಮೂರು. ಊರಿನವರು ಹಿರಿಯರ ಹೆಸರು ಹೇಳಿ ಅದನ್ನು ಗುರುತಿಸುವರು; ಅಂಚೆಯವನು ಬಾಗಿಲಿನ ಸಂಖ್ಯೆಯಿಂದ ಗುರುತಿಸುವನು; ದೂರದ ನಂಟರಿಷ್ಟರು ಟೆಲಿಫೋನಿನ ನಂಬರಿನಿಂದ ಗುರುತಿಸುವರು. ಈ ಮೂರನೆಯ ಹೆಸರು ನಮ್ಮ ಮನೆಗಳಿಗೆ ಬಂದು ಬಹಳ ತಲೆಮಾರುಗಳಾಗಲಿಲ್ಲ. ಆದರೂ ಅದು ಎಷ್ಟೋ ಲಗ್ನಪತ್ರಿಕೆಗಳ ಕೆಳತುದಿಯಲ್ಲಿ ಅಚ್ಚಾಗಿದೆ. ಸೋದರತ್ತೆಯ ಮನೆಯ ಪಂಚಾಂಗದ ರಟ್ಟಿನ ಮೇಲೆ ಸೀಸದಕಡ್ಡಿಯಲ್ಲಿ ಬರೆದಿಟ್ಟಿದೆ. ಗೋಡೆಯ ಕ್ಯಾಲೆಂಡರಿನಿಂದ ಕ್ಯಾಲೆಂಡರಿಗೆ ವರುಷ ವರುಷವೂ ನಕಲಾಗುತ್ತ ಬಂದಿದೆ. ಯಾರು ಯಾರು ಅದನ್ನು ಎಲ್ಲೆಲ್ಲಿ ಬರೆದುಕೊಂಡಿರುವರೆಂಬುದು ಮನೆಯ ಯಜಮಾನನಿಗೂ ಗೊತ್ತಿಲ್ಲ.

ಈಗ ಊರೂರಿನಲ್ಲಿಯೂ ತಾಮ್ರದ ತಂತಿ ಹೋಗಿ ಗಾಜಿನ ಎಳೆ ಬರುತ್ತಿದೆ. ಜನರು ಅದನ್ನು ಫೈಬರು ಎಂದು ಕರೆಯುವರು. ಅದರೊಡನೆ ಮನೆಯ ಮಾತೂ ಇಂಟರ್‌ನೆಟ್ಟಿನ ದಾರಿಯನ್ನು ಹಿಡಿಯುತ್ತಿದೆ. ತಂತಿ ಬದಲಾದರೆ ನಂಬರೂ ಹೋಗಬೇಕೇ? ಈ ಪ್ರಶ್ನೆಯನ್ನು ಮೊದಲೇ ಕೇಳಿ ಉಳಿಸಿಕೊಂಡವರು ಕೆಲವರು. ಕೇಳದೆ ಕಳೆದುಕೊಂಡವರು ಹಲವರು. ನಾವು ಕಳೆದುಕೊಳ್ಳುವುದರಲ್ಲಿದ್ದು ಕೊನೆಯ ಗಳಿಗೆಯಲ್ಲಿ ಉಳಿಸಿಕೊಂಡವರು. ಆದುದರಿಂದ ನಮಗೆ ತಿಳಿದುಬಂದುದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ನಮ್ಮ ಮೈಸೂರಿನ ಮನೆಗೆ ಟೆಲಿಫೋನು ಬಂದುದು ೧೯೮೯ರಲ್ಲಿ. ಆ ಕಾಲದಲ್ಲಿ ಅರ್ಜಿ ಹಾಕಿ ವರುಷಗಟ್ಟಲೆ ಸರದಿ ಕಾಯಬೇಕಾಗಿತ್ತು. ಸರದಿ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದುದೂ, ನೆರೆಯ ನಾಲ್ಕು ಮನೆಯವರು ತಮ್ಮ ನಂಟರಿಗೆಲ್ಲ ನಮ್ಮ ನಂಬರನ್ನೇ ಕೊಟ್ಟುದೂ ಇನ್ನೂ ಜ್ಞಾಪಕದಲ್ಲಿವೆ. ಊರು ಬೆಳೆದಂತೆ ನಂಬರೂ ಬೆಳೆದು ಈಗ ಏಳು ಅಂಕೆಗಳಾಗಿವೆ. ಹೊರಗಿನವರು ಅದರ ಮುಂದೆ ೦೮೨೧ ಸೇರಿಸಬೇಕು. ಆದರೆ ಹಳೆಯ ನಾಲ್ಕು ಅಂಕೆಗಳು ಕೊನೆಯಲ್ಲಿ ಹಾಗೆಯೇ ನಿಂತಿವೆ.

ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನವರಿದ್ದಾರೆ. ವಯಸ್ಸು ಎಂಬತ್ತೆಂಟು, ಕಣ್ಣು ಮಂದವಾಗಿದೆ. ಮೊಬೈಲಿನ ನುಣುಪಾದ ಗಾಜಿನ ಮೇಲೆ ಯಾವ ಅಂಕೆ ಎಲ್ಲಿದೆಯೆಂದು ಅವರ ಬೆರಳಿಗೆ ತಿಳಿಯದು. ಮನೆಯ ಟೆಲಿಫೋನಿನಲ್ಲಾದರೋ ಗುಂಡಿಗಳನ್ನು ತಡವಿ, ನಡುವಿನ ೫ರ ಮೇಲಿರುವ ಚಿಕ್ಕ ಉಬ್ಬನ್ನು ಗುರುತಿಸಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಎಣಿಸಿಕೊಂಡು, ನಮ್ಮ ನಂಬರನ್ನು ತಪ್ಪದೆ ಒತ್ತುವರು. ಅವರಿಗೆ ಬಾಯಿಪಾಠವಾಗಿರುವ ನಂಬರು ಅದೊಂದೇ. ಶನಿವಾರ ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಅವರ ಕರೆ ಬರುವುದು ಮೂವತ್ತು ವರುಷಗಳ ವಾಡಿಕೆ.

ಹೀಗಿರಲು, ಎರಡು ವರುಷಗಳ ಹಿಂದೆ ರಸ್ತೆ ಅಗೆಯುವವರ ಗುದ್ದಲಿಗೆ ಸಿಕ್ಕಿ ನಮ್ಮ ಬೀದಿಯ ತಾಮ್ರದ ಕೇಬಲು ತುಂಡಾಯಿತು. ಫೋನು ಮೂಕವಾಯಿತು. “ಎಲ್ಲರ ಕೈಯಲ್ಲಿಯೂ ಮೊಬೈಲಿದೆ, ಈ ಪೆಟ್ಟಿಗೆಗೆ ತಿಂಗಳು ತಿಂಗಳೂ ಬಾಡಿಗೆ ಏತಕ್ಕೆ?” ಎಂದು ನಮ್ಮ ಯಜಮಾನರು ಅಂದರು. ಅಷ್ಟರಲ್ಲಿ ಒಂದು ಕಂಪೆನಿಯ ಏಜೆಂಟನು ಬಂದು, ಫೈಬರು ಹಾಕಿಕೊಡುವೆನೆಂದೂ, ಅದರೊಡನೆ ಟೆಲಿಫೋನು ಪುಕ್ಕಟೆಯೆಂದೂ, ಹಳೆಯದನ್ನು ಇಂದೇ ಮುಚ್ಚುವಂತೆ ಬರೆದುಕೊಡಬಹುದೆಂದೂ ಹೇಳಿ ಕಾಗದವನ್ನು ಮುಂದೆ ಹಿಡಿದನು. ಯಜಮಾನರು ಪೆನ್ನು ತೆಗೆದುದೂ ಆಯಿತು. ಕಾಫಿ ತಂದ ಸೊಸೆ, “ಹಾಗಾದರೆ ಈ ನಂಬರು ಏನಾಗುತ್ತದೆ?” ಎಂದು ಕೇಳಿದಳು. “ಅದು ಹೋಗುತ್ತದೆ ಅಮ್ಮ, ಇದಕ್ಕಿಂತ ಒಳ್ಳೆಯ ನಂಬರನ್ನು ಕೊಡುತ್ತೇವೆ” ಎಂದು ಅವನು ಉತ್ತರ ಕೊಟ್ಟನು. ಒಳ್ಳೆಯ ನಂಬರು! ಚಿಕ್ಕಮ್ಮನ ಬೆರಳಿಗೆ ಗೊತ್ತಿರುವ ನಂಬರಿಗಿಂತ ಒಳ್ಳೆಯದು ಯಾವುದು? ಯಜಮಾನರು ಪೆನ್ನನ್ನು ಜೇಬಿಗೆ ಹಾಕಿಕೊಂಡರು.

ಇದನ್ನು ಅತಿಯಾದ ಮಮತೆಯೆಂದು ಯಾರೂ ನಗಬಾರದು. ನಮ್ಮ ಬೀದಿಯಲ್ಲಿಯೇ ಒಂದು ಮನೆಯವರು ಹೀಗೆ ಮೊದಲು ಹಳೆಯದನ್ನು ಮುಚ್ಚಿಸಿ ಆಮೇಲೆ ಹೊಸದನ್ನು ಹಾಕಿಸಿಕೊಂಡಿದ್ದರು. ಕೆಲವು ತಿಂಗಳ ತರುವಾಯ ಅವರ ತಮ್ಮನಿಗೆ ಇದ್ದಕ್ಕಿದ್ದಂತೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಗಾಬರಿಯಲ್ಲಿದ್ದ ಆ ಮನೆಯವರು ರಾತ್ರಿಯೆಲ್ಲ ಹಳೆಯ ನಂಬರಿಗೇ ಕರೆ ಮಾಡಿದರು. ಅದು ಆ ವೇಳೆಗೆ ಬೇರೆ ಯಾರ ಮನೆಗೋ ಸೇರಿತ್ತು. ಅಣ್ಣನಿಗೆ ಸುದ್ದಿ ತಲಪಿದುದು ಮರುದಿನ ಮಧ್ಯಾಹ್ನ. ದೇವರ ದಯೆಯಿಂದ ತಮ್ಮನು ಉಳಿದನು. ಆದರೆ ಆ ಒಂದು ರಾತ್ರಿಯ ಮಾತನ್ನು ಅಣ್ಣನವರು ಇಂದಿಗೂ ಕಣ್ಣಲ್ಲಿ ನೀರು ತಂದುಕೊಂಡೇ ಹೇಳುವರು. ನಂಬರು ಇರುವುದು ನಾವು ಕರೆಯುವುದಕ್ಕಲ್ಲ, ನಮ್ಮನ್ನು ಕರೆಯುವವರಿಗಾಗಿ ಎಂಬುದನ್ನು ನಾವು ಆಗ ಮನಗಂಡೆವು.

ನಂಬರು ತಂತಿಯನ್ನು ಬಿಟ್ಟುದು ಹೇಗೆ?

ಗ್ರಹಾಂ ಬೆಲ್ಲನಿಗೆ ಟೆಲಿಫೋನಿನ ಹಕ್ಕುಪತ್ರ ದೊರೆತುದು ೧೮೭೬ರಲ್ಲಿ. ಆರು ವರುಷಗಳೊಳಗಾಗಿ, ೧೮೮೨ರಲ್ಲಿ, ಕಲ್ಕತ್ತಾ, ಮುಂಬಯಿ, ಮದರಾಸು ನಗರಗಳಲ್ಲಿ ವಿನಿಮಯ ಕೇಂದ್ರಗಳು, ಎಂದರೆ ಎಕ್ಸ್‌ಚೇಂಜುಗಳು, ತೆರೆದುವು. ಆಗ ನಂಬರೆಂದರೆ ಎಕ್ಸ್‌ಚೇಂಜಿನ ಹಲಗೆಯ ಮೇಲಿನ ಒಂದು ರಂಧ್ರದ ಹೆಸರು. ಆ ರಂಧ್ರದಿಂದ ಹೊರಟ ಒಂದು ಜೊತೆ ತಂತಿ ಮನೆಯವರೆಗೂ ಬರುತ್ತಿತ್ತು. ನಡುವೆ ಕುಳಿತವರು ಕೈಯಿಂದ ಜೋಡಿಸಿದರೆ ಮಾತು ಸಾಗುತ್ತಿತ್ತು. ತರುವಾಯ ಯಂತ್ರವೇ ಆ ಕೆಲಸವನ್ನು ಕೈಗೊಂಡಿತು. ೧೯೬೦ರಲ್ಲಿ ಲಕ್ನೋ ಮತ್ತು ಕಾನ್ಪುರಗಳ ನಡುವೆ, ಯಾರ ನೆರವೂ ಇಲ್ಲದೆ ನೇರವಾಗಿ ಪರವೂರಿಗೆ ಕರೆಯುವ ಎಸ್‌ಟಿಡಿ ಪದ್ಧತಿ ನಮ್ಮ ದೇಶದಲ್ಲಿ ಮೊದಲಾಯಿತು. ಊರಿಗೊಂದು ಸಂಕೇತವಾಯಿತು: ಬೆಂಗಳೂರಿಗೆ ೦೮೦, ಮಂಗಳೂರಿಗೆ ೦೮೨೪, ಹುಬ್ಬಳ್ಳಿ ಧಾರವಾಡಗಳಿಗೆ ೦೮೩೬.

ಈ ಕಥೆಯಲ್ಲಿ ಕನ್ನಡನಾಡಿನ ಪಾಲು ಚಿಕ್ಕದಲ್ಲ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸಿನಲ್ಲಿ ತಯಾರಾದ ಕಪ್ಪು ಫೋನುಗಳು ದೇಶದ ಮನೆಮನೆಗಳಲ್ಲಿ ಕುಳಿತಿದ್ದುವು; ಆ ಕಾರ್ಖಾನೆಯ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. ಹಳ್ಳಿಗಳ ಧೂಳನ್ನೂ ಸೆಕೆಯನ್ನೂ ತಡೆದುಕೊಳ್ಳುವಂತೆ ನಮ್ಮವರೇ ರಚಿಸಿದ ನೂರಿಪ್ಪತ್ತೆಂಟು ಸಾಲುಗಳ ಪುಟ್ಟ ಎಕ್ಸ್‌ಚೇಂಜು ಮೊದಲು ನೆಲೆಗೊಂಡುದು ೧೯೮೬ರಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ.

ಅಲ್ಲಿಯವರೆಗೆ ನಂಬರು ತಂತಿಗೆ ಕಟ್ಟಿದ ಹಸುವಿನಂತಿತ್ತು. ಇಂಟರ್‌ನೆಟ್ಟಿನ ಟೆಲಿಫೋನಿನಲ್ಲಾದರೋ ಆ ಹಗ್ಗ ಬಿಚ್ಚಿಹೋಗಿದೆ. ಇಲ್ಲಿ ನಮ್ಮ ದನಿಯನ್ನು ಸೆಕೆಂಡಿಗೆ ೮,೦೦೦ ಬಾರಿ ಅಳೆದು, ಆ ಅಳತೆಗಳನ್ನು ಅಂಕೆಗಳಾಗಿ ಮಾಡಿ, ಸಾಮಾನ್ಯವಾಗಿ ಸೆಕೆಂಡಿಗೆ ಐವತ್ತು ಪೊಟ್ಟಣಗಳಂತೆ ಕಟ್ಟಿ, ಒಂದೊಂದರ ಮೇಲೂ ವಿಳಾಸ ಬರೆದು ಕಳುಹಿಸಲಾಗುವುದು. ಆಚೆಯ ತುದಿಯಲ್ಲಿ ಅವುಗಳನ್ನು ಬಿಚ್ಚಿ ಮರಳಿ ದನಿಯಾಗಿ ಮಾಡುವರು. ನಂಬರೆಂಬುದು ಕಂಪೆನಿಯ ಕಂಪ್ಯೂಟರಿನಲ್ಲಿರುವ ಒಂದು ದಾಖಲೆ ಮಾತ್ರ: “ಈ ನಂಬರಿಗೆ ಕರೆ ಬಂದರೆ ಇಂತಹ ಮನೆಯ ಪೆಟ್ಟಿಗೆಯನ್ನು ಬಾರಿಸು” ಎಂದು ಅಲ್ಲಿ ಬರೆದಿರುವುದು. ದಾಖಲೆಯನ್ನು ತಿದ್ದಿದರೆ ನಂಬರು ಹೊಸ ಪೆಟ್ಟಿಗೆಗೆ ಬರುವುದು. ಆದುದರಿಂದ ತಂತಿ ಹೋದರೆ ನಂಬರೂ ಹೋಗಲೇಬೇಕೆಂಬ ಮಾತು ಯಂತ್ರದ ಮಟ್ಟಿಗೆ ನಿಜವಲ್ಲ. ಉಳಿಯುವುದೂ ಉಳಿಯದಿರುವುದೂ ಇರುವುದು ಕಾನೂನಿನಲ್ಲಿ, ಮತ್ತು ನಮ್ಮ ಎಚ್ಚರದಲ್ಲಿ.

ನಂಬರು ಯಾರದು?

ಮೂವತ್ತು ವರುಷ ಬಳಸಿದರೂ ನಂಬರು ನಮ್ಮ ಸೊತ್ತಲ್ಲ. ಕಂಪೆನಿಯ ಸೊತ್ತೂ ಅಲ್ಲ. ಅದು ದೇಶದ ಸೊತ್ತು. ಸರಕಾರ ಕಂಪೆನಿಗೆ ಕೊಟ್ಟಿದೆ. ಕಂಪೆನಿ ನಮಗೆ ಕೊಟ್ಟಿದೆ. ಒಂದು ಕಂಪೆನಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಅದನ್ನು ಜೊತೆಯಲ್ಲಿ ಒಯ್ಯಬಹುದೇ ಎಂಬುದಕ್ಕೆ ದೇಶದೇಶಗಳ ಕಾನೂನು ಬೇರೆ ಬೇರೆ.

ಅಮೆರಿಕೆಯಲ್ಲಿ ೧೯೯೬ರ ಟೆಲಿಕಮ್ಯುನಿಕೇಷನ್ ಕಾಯಿದೆಯು ಈ ಹಕ್ಕನ್ನು ಬಳಕೆದಾರನಿಗೆ ಕೊಟ್ಟಿತು. ೨೦೦೭ರಲ್ಲಿ ಇಂಟರ್‌ನೆಟ್ಟಿನ ಟೆಲಿಫೋನು ಕಂಪೆನಿಗಳಿಗೂ ಅದೇ ಕಟ್ಟಳೆಯನ್ನು ವಿಧಿಸಿದರು. ತೊಡಕಿಲ್ಲದ ವರ್ಗಾವಣೆಯನ್ನು ಕೆಲಸದ ಒಂದೇ ದಿನದಲ್ಲಿ ಮುಗಿಸಬೇಕು. ಬಾಕಿ ಹಣವಿದೆಯೆಂಬ ಕಾರಣದಿಂದಲೂ ಹಳೆಯ ಕಂಪೆನಿ ನಂಬರನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಬಾಕಿಯನ್ನು ಬೇರೆಯಾಗಿ ವಸೂಲು ಮಾಡಿಕೊಳ್ಳಬೇಕು.

ನಮ್ಮ ದೇಶದಲ್ಲಿ ಮೊಬೈಲಿಗೆ ಈ ಹಕ್ಕು ೨೦೧೧ರ ಜನವರಿ ೨೦ರಂದು ಎಲ್ಲೆಡೆ ಬಂದಿತು. ೨೦೧೫ರ ಜುಲೈಯಿಂದ ಒಂದು ರಾಜ್ಯದ ನಂಬರನ್ನು ಇನ್ನೊಂದು ರಾಜ್ಯಕ್ಕೂ ಒಯ್ಯಬಹುದಾಯಿತು. ಆದರೆ ಮನೆಯ ಸ್ಥಿರ ದೂರವಾಣಿಗೆ, ಕಂಪೆನಿಯಿಂದ ಕಂಪೆನಿಗೆ ನಂಬರನ್ನು ಒಯ್ಯುವ ಅಂತಹ ಏರ್ಪಾಡಿಲ್ಲ. ಆದುದರಿಂದ ನಮ್ಮವರು ಮುಖ್ಯವಾಗಿ ಅರಿಯತಕ್ಕುದು ಇದು: ತಾಮ್ರದ ಸಂಪರ್ಕವನ್ನು ಕೊಟ್ಟ ಸಂಸ್ಥೆಯಲ್ಲಿಯೇ ಫೈಬರಿಗೆ ಬದಲಾಯಿಸಿಕೊಂಡರೆ ಹಳೆಯ ನಂಬರನ್ನು ಉಳಿಸಿಕೊಳ್ಳುವ ದಾರಿಯುಂಟು, ಬೇರೆ ಕಂಪೆನಿಗೆ ಹೋದರೆ ನಂಬರನ್ನು ಬಿಟ್ಟೇ ಹೋಗಬೇಕು. ಬೀದಿಗೆ ಬಂದ ಏಜೆಂಟನು ಈ ಭೇದವನ್ನು ತಾನಾಗಿ ಹೇಳಲಾರನು. ನಾವೇ ಕೇಳಬೇಕು.

ಕ್ರಮವಾಗಿ ಮಾಡತಕ್ಕ ಕೆಲಸಗಳು

ಎಲ್ಲಕ್ಕಿಂತ ಮೊದಲ ನಿಯಮ: ಹೊಸದು ಬಾರಿಸುವವರೆಗೆ ಹಳೆಯದನ್ನು ಮುಚ್ಚಬಾರದು. ಹಳೆಯ ಸಂಪರ್ಕ ಜೀವದಿಂದಿರುವಾಗ ಮಾತ್ರ ಅದರ ನಂಬರನ್ನು ಎತ್ತಿ ಇನ್ನೊಂದರಲ್ಲಿ ಇಡಬಹುದು. “ಸಂಪರ್ಕವನ್ನು ರದ್ದು ಮಾಡಿ” ಎಂದು ಬರೆದುಕೊಟ್ಟ ಒಡನೆ ನಂಬರು ಸಂಸ್ಥೆಯ ಭಂಡಾರಕ್ಕೆ ಹಿಂದಿರುಗುವುದು. ಅಲ್ಲಿಂದ ಅದನ್ನು ಮರಳಿ ಪಡೆಯುವುದು ಸಂತೆಯಲ್ಲಿ ಕಳೆದ ಉಂಗುರವನ್ನು ಹುಡುಕಿದಂತೆ. ಆದುದರಿಂದ ಅರ್ಜಿಯಲ್ಲಿ “ರದ್ದು” ಎಂಬ ಮಾತೇ ಇರಬಾರದು. “ಇದೇ ನಂಬರನ್ನು ಉಳಿಸಿಕೊಂಡು ಫೈಬರಿಗೆ ಬದಲಾಯಿಸಿಕೊಡಿ” ಎಂದು ಸ್ಪಷ್ಟವಾಗಿ ಬರೆಯಬೇಕು. ಸಂಸ್ಥೆಯ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೊಟ್ಟು, ತಲಪಿದುದಕ್ಕೆ ಗುರುತು ಪಡೆಯುವುದು ಮೇಲು. ಬಾಯಿಮಾತಿಗೆ ಸಾಕ್ಷಿಯಿಲ್ಲ.

ಎರಡನೆಯದು, ಬಿಲ್ಲು ಯಾರ ಹೆಸರಿನಲ್ಲಿದೆಯೆಂದು ನೋಡಿಕೊಳ್ಳುವುದು. ಹಲವು ಮನೆಗಳಲ್ಲಿ ಫೋನು ಇಂದಿಗೂ ಗತಿಸಿದ ಹಿರಿಯರ ಹೆಸರಿನಲ್ಲಿಯೇ ಇರುವುದು. ಹಣ ಕಟ್ಟುತ್ತಿರುವವರೆಗೆ ಯಾರೂ ಕೇಳುವುದಿಲ್ಲ. ಬದಲಾವಣೆಗೆ ಅರ್ಜಿ ಹಾಕಿದ ದಿನ ಪ್ರಶ್ನೆ ಏಳುವುದು. ಮೊದಲು ಮರಣದ ದಾಖಲೆಯನ್ನು ಕೊಟ್ಟು ಹೆಸರನ್ನು ಬದಲಾಯಿಸಿಕೊಂಡು, ಬಾಕಿಯಿದ್ದರೆ ತೀರಿಸಿ, ಆಮೇಲೆ ಫೈಬರಿನ ಅರ್ಜಿ ಹಾಕುವುದು ಕ್ಷೇಮ. ಹೆಸರಿನ ತೊಡಕು ನಮ್ಮಲ್ಲಿಯೇ ಇರುವುದೆಂದು ತಿಳಿಯಬಾರದು. ನ್ಯೂಜೆರ್ಸಿಯಲ್ಲಿ ಸಂಸಾರ ಹೂಡಿರುವ ನಮ್ಮ ಮಗಳು ತನ್ನ ಮನೆಯ ನಂಬರನ್ನು ಇಂಟರ್‌ನೆಟ್ಟಿನ ಟೆಲಿಫೋನಿಗೆ ಸಾಗಿಸಹೊರಟಾಗ ಅವಳ ಅರ್ಜಿ ಎರಡು ಬಾರಿ ಹಿಂದಕ್ಕೆ ಬಂದಿತು. ಕಾರಣ ಕೇಳಿದರೆ ನಗು ಬರುವುದು. ಹಳೆಯ ಬಿಲ್ಲಿನಲ್ಲಿ ಅಳಿಯಂದಿರ ಹೆಸರಿನ ಮುಂದೆ ಎರಡು ಇನಿಷಿಯಲ್ಲುಗಳಿದ್ದುವು; ಅರ್ಜಿಯಲ್ಲಿ ಅವನ್ನು ಬಿಡಿಸಿ ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಪೂರ್ತಿಯಾಗಿ ಬರೆದಿದ್ದರು. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು! ಹೆಸರು, ವಿಳಾಸ, ಖಾತೆಯ ಸಂಖ್ಯೆ ಇವು ಹಳೆಯ ಬಿಲ್ಲಿನಲ್ಲಿ ಹೇಗಿವೆಯೋ ಅಕ್ಷರಶಃ ಹಾಗೆಯೇ ಬರೆಯಬೇಕೆಂಬುದು ಅವಳು ಕಲಿತ ಪಾಠ.

ಮೂರನೆಯದು, ಆ ತಂತಿಯನ್ನು ನಂಬಿಕೊಂಡು ಮನೆಯಲ್ಲಿ ಬೇರೆ ಏನೇನಿದೆಯೆಂದು ಎಣಿಸುವುದು. ತಾಮ್ರದ ಮೇಲೆಯೇ ಹಳೆಯ ಬ್ರಾಡ್‌ಬ್ಯಾಂಡು ಬರುತ್ತಿದ್ದರೆ ತಂತಿ ಕಳಚಿದ ದಿನವೇ ಅದೂ ನಿಲ್ಲುವುದು. ಮಹಡಿಯ ಮೇಲಿನ ಎರಡನೆಯ ಫೋನಿಗೆ ಹೊಸ ಪೆಟ್ಟಿಗೆಯಿಂದ ತಂತಿ ಎಳೆಯಬೇಕಾಗುವುದು. ಗ್ಯಾಸಿನ ಏಜೆನ್ಸಿಯಲ್ಲಿಯೂ, ಬ್ಯಾಂಕಿನಲ್ಲಿಯೂ, ವೈದ್ಯರಲ್ಲಿಯೂ ಬರೆಸಿರುವ ನಂಬರು ಯಾವುದೆಂಬುದನ್ನು ನೋಡಿಕೊಳ್ಳಬೇಕು.

ನಾಲ್ಕನೆಯದು ಉಪಕರಣ. ಹೊಸ ಫೋನನ್ನು ಕೊಳ್ಳಲೇಬೇಕೆಂದಿಲ್ಲ. ಫೈಬರಿನ ಪೆಟ್ಟಿಗೆಯಲ್ಲಿ ಟೆಲಿಫೋನಿಗೆಂದೇ ಒಂದು ಚಿಕ್ಕ ಕಂಡಿಯಿರುವುದು. ಹಳೆಯ ಗುಂಡಿಯ ಫೋನನ್ನು ಅಲ್ಲಿ ಚುಚ್ಚಿದರಾಯಿತು. ಚಿಕ್ಕಮ್ಮನಂತಹ ಹಿರಿಯರಿರುವ ಮನೆಗಳಲ್ಲಿ ಇದು ದೊಡ್ಡ ಅನುಕೂಲ. ಬೆರಳಿಗೆ ಒಗ್ಗಿದ ಉಪಕರಣ ಬದಲಾಗುವುದಿಲ್ಲ. ಆದರೆ ಬೆರಳಿಟ್ಟು ತಿರುಗಿಸುವ ಕಪ್ಪು ಫೋನುಗಳ ಟಿಕ್ ಟಿಕ್ ಸಂಜ್ಞೆಯನ್ನು ಹೊಸ ಪೆಟ್ಟಿಗೆಗಳಲ್ಲಿ ಹಲವು ಅರಿಯವು. ಅಂತಹ ಫೋನು ಕರೆಯನ್ನು ಸ್ವೀಕರಿಸಬಹುದು, ತಾನಾಗಿ ಕರೆಯಲಾರದು.

ಕರೆಂಟು ಹೋದಾಗ

ಐದನೆಯ ವಿಷಯವನ್ನು ಬೇರೆಯಾಗಿ ಹೇಳಬೇಕು. ಏಕೆಂದರೆ ಇದರಲ್ಲಿ ಪ್ರಾಣದ ಮಾತೂ ಉಂಟು. ತಾಮ್ರದ ತಂತಿಯ ಫೋನಿಗೆ ಬೇಕಾದ ವಿದ್ಯುಚ್ಛಕ್ತಿ ಎಕ್ಸ್‌ಚೇಂಜಿನಲ್ಲಿದ್ದ ೪೮ ವೋಲ್ಟಿನ ಬ್ಯಾಟರಿಗಳಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಆದುದರಿಂದ ಮಳೆಗಾಲದ ರಾತ್ರಿ ಊರೆಲ್ಲ ಕತ್ತಲಾದರೂ ಫೋನು ಮಾತನಾಡುತ್ತಿತ್ತು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಜಿನ ಎಳೆಯಲ್ಲಿ ಬರುವುದು ಬೆಳಕು ಮಾತ್ರ. ಬೆಳಕು ಫೋನನ್ನು ಬಾರಿಸಲಾರದು. ಮನೆಯಲ್ಲಿ ಕರೆಂಟು ಹೋಯಿತೆಂದರೆ ಪೆಟ್ಟಿಗೆ ನಿದ್ರಿಸುವುದು; ಅದರೊಡನೆ ಫೋನೂ ನಿದ್ರಿಸುವುದು.

ಬ್ರಿಟನ್ನಿನಲ್ಲಿ ಇದೇ ಪ್ರಶ್ನೆ ದೊಡ್ಡದಾಗಿ ಎದ್ದಿತು. ಅಲ್ಲಿ ಹಳೆಯ ಟೆಲಿಫೋನು ಜಾಲವನ್ನು ೨೦೨೫ರ ಕೊನೆಗೆ ನಿಲ್ಲಿಸುವುದೆಂದು ಮೊದಲು ಗೊತ್ತುಮಾಡಿದ್ದರು. ಒಂಟಿಯಾಗಿ ವಾಸಿಸುವ ವೃದ್ಧರು ಅಪಾಯದಲ್ಲಿ ಒತ್ತುವುದಕ್ಕೆಂದು ಕೊರಳಲ್ಲಿ ಧರಿಸುವ ಕರೆಗುಂಡಿಗಳು ಆ ತಂತಿಯನ್ನೇ ನಂಬಿದ್ದುವು. ಹೊಸ ಪದ್ಧತಿಗೆ ಬದಲಾದ ಕೆಲವು ಮನೆಗಳಲ್ಲಿ ಅವು ಕೆಲಸ ಮಾಡದೆ ಅನರ್ಥಗಳಾದುವು. ೨೦೨೩ರ ಡಿಸೆಂಬರಿನಲ್ಲಿ ಒತ್ತಾಯದ ಬದಲಾವಣೆಯನ್ನು ತಡೆಹಿಡಿದರು. ೨೦೨೪ರಲ್ಲಿ ಗಡುವನ್ನು ೨೦೨೭ರ ಜನವರಿಗೆ ಮುಂದಕ್ಕೆ ಹಾಕಿದರು. ಮನೆಯ ಫೋನನ್ನೇ ನಂಬಿರುವವರಿಗೆ ಕರೆಂಟು ಹೋದಾಗ ಕಡಮೆಯೆಂದರೆ ಒಂದು ಗಂಟೆಯ ಕಾಲ ತುರ್ತು ಕರೆ ಮಾಡುವ ಸಾಧನವನ್ನು ಕಂಪೆನಿಗಳೇ ಒದಗಿಸಬೇಕೆಂಬ ಕಟ್ಟಳೆಯೂ ಅಲ್ಲಿ ಉಂಟು.

ನಮ್ಮಲ್ಲಿ ಆ ಎಚ್ಚರವನ್ನು ಮನೆಯವರೇ ವಹಿಸಬೇಕು. ಮನೆಗೆ ಯುಪಿಎಸ್ ಇದ್ದರೆ ಫೈಬರಿನ ಪೆಟ್ಟಿಗೆಯನ್ನು ಅದರ ಸಾಲಿಗೆ ಸೇರಿಸಬೇಕು. ಇಲ್ಲದಿದ್ದರೆ ಆ ಪೆಟ್ಟಿಗೆಯೊಂದಕ್ಕೇ ಸಾಕಾಗುವ ಪುಟ್ಟ ಬ್ಯಾಟರಿಗಳು ಅಂಗಡಿಗಳಲ್ಲಿ ದೊರೆಯುವುವು. ಕೊಳ್ಳುವಾಗ ಪೆಟ್ಟಿಗೆಯ ವೋಲ್ಟಿಗೆ ಹೊಂದುವುದನ್ನೇ ಕೇಳಿ ಕೊಳ್ಳಬೇಕು. ಹಾಗೆ ಮಾಡಿದರೂ ದಾರಿಯ ನಡುವಿನ ಉಪಕರಣಗಳಿಗೆ ಕರೆಂಟು ಇಲ್ಲದೆ ಹೋದರೆ ಫೋನು ನಿಲ್ಲಬಹುದು. ಆದುದರಿಂದ ಒಂದು ಮೊಬೈಲನ್ನು ಸದಾ ಚಾರ್ಜು ಮಾಡಿ ಇಟ್ಟಿರಬೇಕು. ೧೧೨ ಎಂಬ ತುರ್ತು ಸಂಖ್ಯೆಯನ್ನು ಮನೆಯ ಮಕ್ಕಳಿಗೂ ಕಲಿಸಿರಬೇಕು. ಪರದೇಶದಲ್ಲಿರುವ ನಮ್ಮವರು ಇನ್ನೊಂದನ್ನು ನೆನಪಿಡಬೇಕು. ಇಂಟರ್‌ನೆಟ್ಟಿನ ಫೋನನ್ನು ಬೇರೆ ಊರಿಗೆ ಒಯ್ದರೂ ಅದು ಅದೇ ನಂಬರಿನಿಂದ ಮಾತನಾಡುವುದು. ಆಗ ತುರ್ತು ಕರೆ ಹಳೆಯ ಊರಿನ ಪೋಲೀಸರಿಗೆ ಹೋಗಬಹುದು. ಮನೆ ಬದಲಾಯಿಸಿದ ದಿನವೇ ಕಂಪೆನಿಯಲ್ಲಿ ಹೊಸ ವಿಳಾಸವನ್ನು ಬರೆಸುವುದು ಅವಶ್ಯ.

ಬದಲಾವಣೆಯ ದಿನ

ಕೆಲಸದವನು ಪೆಟ್ಟಿಗೆಯನ್ನು ಜೋಡಿಸಿ “ಆಯಿತು” ಎಂದೊಡನೆ ಸಹಿ ಮಾಡಬಾರದು. ಮನೆಯಿಂದ ಹೊರಕ್ಕೆ ಕರೆ ಹೋದರೆ ಸಾಲದು. ಹೊರಗಿನಿಂದ ಒಳಕ್ಕೆ ಕರೆ ಬರಬೇಕು. ಬೇರೆ ಬೇರೆ ಕಂಪೆನಿಗಳ ಮೊಬೈಲುಗಳಿಂದಲೂ, ಪರವೂರಿನ ಒಂದು ಸ್ಥಿರ ದೂರವಾಣಿಯಿಂದಲೂ, ಮಕ್ಕಳು ಹೊರದೇಶದಲ್ಲಿದ್ದರೆ ಅಲ್ಲಿಂದಲೂ ಹಳೆಯ ನಂಬರಿಗೆ ಕರೆ ಮಾಡಿಸಿ ನೋಡಬೇಕು. ಮನೆಯ ಫೋನಿನಿಂದ ಮೊಬೈಲಿಗೆ ಕರೆಯುವಾಗ ೨೦೨೧ರ ಜನವರಿ ೧೫ರಿಂದ ಮೊದಲು ಸೊನ್ನೆಯನ್ನು ಒತ್ತಬೇಕಾಗಿದೆ; ಇದನ್ನು ಮರೆತು “ಹೊಸ ಫೋನು ಕೆಟ್ಟಿದೆ” ಎಂದು ದೂರು ಕೊಟ್ಟವರನ್ನು ನಾವು ಕಂಡಿದ್ದೇವೆ.

ಈ ದಿನಗಳಲ್ಲಿ ಇನ್ನೊಂದು ಎಚ್ಚರವೂ ಬೇಕು. “ನಿಮ್ಮ ನಂಬರು ಎರಡು ಗಂಟೆಯೊಳಗಾಗಿ ರದ್ದಾಗುವುದು, ಉಳಿಯಬೇಕಾದರೆ ಇಂತಹ ಗುಂಡಿಯನ್ನು ಒತ್ತಿ” ಎಂದು ಸರಕಾರದ ಹೆಸರು ಹೇಳಿ ಬೆದರಿಸುವ ಕರೆಗಳು ಬರುವುದುಂಟು. ಇವರು ಕಳ್ಳರು. ನಂಬರಿನ ಮೇಲಿನ ನಮ್ಮ ಮಮತೆಯೇ ಅವರ ಬಂಡವಾಳ. ಮೊಬೈಲಿಗೆ ಬಂದ ಗುಪ್ತ ಅಂಕೆಗಳನ್ನಾಗಲಿ, ಬ್ಯಾಂಕಿನ ವಿವರವನ್ನಾಗಲಿ ಯಾರಿಗೂ ಹೇಳದೆ ಫೋನನ್ನು ಕೆಳಗಿಟ್ಟುಬಿಡಬೇಕು.

ಉಳಿಸಿಕೊಳ್ಳಲಾಗದಿದ್ದರೆ

ಬೇರೆ ಊರಿಗೆ ಮನೆ ಬದಲಾಯಿಸುವವರಿಗೂ, ಬೇರೆ ಕಂಪೆನಿಯೇ ಬೇಕೆನ್ನುವವರಿಗೂ ನಂಬರು ಉಳಿಯದು. ಅಂತಹವರು ಎರಡು ಮೂರು ತಿಂಗಳು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಲೇಸು. ಆ ಅವಧಿಯಲ್ಲಿ ಹಳೆಯ ನಂಬರಿಗೆ ಬಂದ ಕರೆಯನ್ನು ಹೊಸದಕ್ಕೆ ತಿರುಗಿಸುವ ಏರ್ಪಾಡನ್ನು ಸಂಸ್ಥೆಯಲ್ಲಿ ಕೇಳಿ ಮಾಡಿಸಬಹುದು. ಕರೆದವರೊಬ್ಬೊಬ್ಬರಿಗೂ ಹೊಸ ನಂಬರನ್ನು ಹೇಳಿ, ಅವರು ಬರೆದುಕೊಳ್ಳುವವರೆಗೆ ಕಾಯಬೇಕು. ವೃದ್ಧರಿಗೆ ದಪ್ಪ ಅಂಕೆಗಳಲ್ಲಿ ಬರೆದ ಒಂದು ಕಾರ್ಡನ್ನು ಅಂಚೆಯಲ್ಲಿ ಕಳುಹಿಸಿ, ಫೋನಿನ ಮೇಲೆಯೇ ಅಂಟಿಸಿಕೊಡುವಂತೆ ಮನೆಯ ಹುಡುಗರಿಗೆ ಹೇಳಬೇಕು.

ಎಲ್ಲರೂ ಮನೆಯ ಫೋನನ್ನು ಇಟ್ಟುಕೊಳ್ಳಲೇಬೇಕೆಂದು ನಮ್ಮ ಹಟವಲ್ಲ. ಬೇಕೇ ಬೇಡವೇ ಎಂಬುದನ್ನು ಊಹೆಯಿಂದ ತೀರ್ಮಾನಿಸಬಾರದೆಂದಷ್ಟೇ ಹೇಳುವೆವು. ನಾವು ಒಂದು ಉಪಾಯ ಮಾಡಿದೆವು. ಕೇಬಲು ರಿಪೇರಿಯಾಗಿ ಫೋನು ಮರಳಿ ಬಾಯಿಬಿಟ್ಟ ಮೇಲೆ ಅದರ ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನು ಇಟ್ಟು, ಒಂದು ತಿಂಗಳು ಯಾರು ಯಾರು ಕರೆದರೆಂದು ಬರೆದೆವು. ಮಾರಾಟಗಾರರ ಕರೆಗಳನ್ನು ಬಿಟ್ಟರೆ ಉಳಿದುವು ಇಪ್ಪತ್ತಮೂರು. ಅವುಗಳಲ್ಲಿ ಹದಿನಾಲ್ಕು ಮೊಬೈಲಿಗೂ ಬರಬಹುದಾದವು. ಉಳಿದ ಒಂಬತ್ತನ್ನು ಮಾಡಿದವರು ಮೂವರೇ: ಚಿಕ್ಕಮ್ಮ, ಯಜಮಾನರ ತೀರಿಹೋದ ತಂದೆಯವರ ಬಾಲ್ಯಸ್ನೇಹಿತರು, ಹಿಂದೆ ನಮ್ಮ ಮನೆಯಲ್ಲಿ ಮಗುವನ್ನು ನೋಡಿಕೊಂಡು ಈಗ ಮಗನ ಮನೆಯಲ್ಲಿರುವ ಒಬ್ಬ ಮುದುಕಿ. ಈ ಮೂವರ ಹತ್ತಿರವೂ ನಮ್ಮ ಬೇರೆ ಯಾವ ನಂಬರೂ ಇರಲಿಲ್ಲ. ಪುಸ್ತಕವನ್ನು ಓದಿದ ಮೇಲೆ ಯಜಮಾನರು ಬಾಡಿಗೆಯ ಮಾತೆತ್ತಲಿಲ್ಲ. ಆ ಪುಟಗಳು ಖಾಲಿಯಾಗಿದ್ದರೆ ನಾವೂ ಸಂತೋಷದಿಂದಲೇ ಫೋನನ್ನು ಬಿಡುತ್ತಿದ್ದೆವು.

ಮಾವನವರ ಹೆಸರಿನಲ್ಲಿದ್ದ ಸಂಪರ್ಕವನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳುವುದಕ್ಕೆ ಮೂರು ವಾರ ಹಿಡಿಯಿತು. ಫೈಬರು ಬರುವುದಕ್ಕೆ ಇನ್ನೂ ಎರಡು ವಾರ. ಪೆಟ್ಟಿಗೆಯನ್ನು ಜೋಡಿಸಿದುದು ಒಂದು ಗುರುವಾರ. ಮಗ, ಸೊಸೆ, ನ್ಯೂಜೆರ್ಸಿಯ ಮಗಳು ಎಲ್ಲರೂ ಹಳೆಯ ನಂಬರಿಗೆ ಕರೆದು ಪರೀಕ್ಷಿಸಿದರು, ಎಲ್ಲವೂ ಸರಿಯಾಗಿತ್ತು. ಆದರೂ ಶನಿವಾರ ಸಂಜೆ ದೀಪ ಹಚ್ಚಿ ಬಂದು ಫೋನಿನ ಪಕ್ಕದಲ್ಲಿ ಕುಳಿತಾಗ ಎದೆ ಕೊಂಚ ಹೊಡೆದುಕೊಳ್ಳದೆ ಇರಲಿಲ್ಲ. ಆರೂವರೆಯಾಯಿತು. ಆರೂ ಮುಕ್ಕಾಲಾಯಿತು. ಅನಂತರ ಫೋನು ಬಾರಿಸಿತು.

“ಏನೇ, ಪಕ್ಕದ ಮನೆಯಿಂದ ಮಾತಾಡ್ತಾ ಇದ್ದೀಯೇನೇ? ಇವತ್ತು ಇಷ್ಟು ಸ್ಪಷ್ಟವಾಗಿ ಕೇಳ್ತಿದೆಯಲ್ಲ!” ಎಂದರು ಚಿಕ್ಕಮ್ಮ. ಬಳಿಕ ಅಪ್ಪೆಮಿಡಿಯ ಉಪ್ಪಿನಕಾಯಿ ಕಳುಹಿಸಿದ್ದು ತಲಪಿತೇ ಎಂದು ಕೇಳಿದರು. ತಂತಿ ಬದಲಾದ ಸಂಗತಿಯನ್ನು ನಾವು ಅವರಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮನೆಯ ಫೋನನ್ನು ಬದಲಾಯಿಸುವ ವಿಚಾರದಲ್ಲಿರುವ ವಾಚಕರು, ಕಾಗದಕ್ಕೆ ಸಹಿ ಹಾಕುವ ಮುನ್ನ ಒಂದು ಗಳಿಗೆ ನಿಂತು, ತಮ್ಮ ನಂಬರನ್ನು ಬಾಯಿಪಾಠ ಮಾಡಿಕೊಂಡಿರುವವರು ಯಾರು ಯಾರೆಂದು ನೆನೆಯಲಿ. ಅಂತಹವರು ಒಬ್ಬರೇ ಇದ್ದರೂ ಹೊಸದು ಬಾರಿಸುವವರೆಗೆ ಹಳೆಯದನ್ನು ಬಿಡದಿರಲಿ.